ನಾಲ್ಕು ದೀಪದ ಪೆಟ್ಟಿಗೆಯ ಹಸ್ತಾಂತರ

ರೊಸಾರಿಯೊ ಊರಿನ ನೋಟರಿ ಕಚೇರಿಯೊಂದರಲ್ಲಿ ಮೂವತ್ತನಾಲ್ಕು ವರ್ಷ ಹೆಡ್ ಗುಮಾಸ್ತರಾಗಿದ್ದು ನಿವೃತ್ತರಾದ ಎವರಿಸ್ಟೊ ಪಿಕ್ಕಾರ್ದಿಯವರಿಗೆ ಇದ್ದದ್ದು ಒಂದೇ ಹೆಮ್ಮೆ. ತಮ್ಮ ಲೇಖನಿಯಿಂದ ಇವತ್ತಿನವರೆಗೆ ಒಂದು ಸುಳ್ಳು ಅಕ್ಷರ ಇಳಿದಿಲ್ಲ ಎಂಬುದು. ಮನೆ, ಹೊಲ, ದೋಣಿ, ಸ್ಮಶಾನದಲ್ಲಿನ ಕುಟುಂಬದ ಗೋರಿ, ಒಮ್ಮೆ ಸರ್ಕಸ್ಸಿನ ಒಂದು ಮುದಿ ಸಿಂಹ, ಹೀಗೆ ಏನೇ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಾಗಲೂ ಪತ್ರ ಬರೆದವರು ಅವರೇ. (ಸಿಂಹ ಹಸ್ತಾಂತರಕ್ಕೆ ಎರಡು ದಿನ ಮೊದಲು ಸತ್ತಿತು. ಅದಕ್ಕೆ ಪತ್ರ ಕಾರಣವಲ್ಲ.)

ಇಂಥವರು ಅಕ್ಟೋಬರ್ ತಿಂಗಳ ಒಂದು ಭಾನುವಾರ, ಹೂರಣ ತುಂಬಿದ ಪುಟ್ಟ ಕಡುಬಿನಂಥ ರವಿಯೊಲಿ ತಿನ್ನುತ್ತಾ ಕೂತಿದ್ದಾಗ, ಹೇಳಬೇಕಾಗಿದ್ದ ಒಂದೇ ಒಂದು ಮಾತನ್ನು ಹೇಳದೆ ಬೇರೇನೋ ಹೇಳಿ ಕೆಟ್ಟರು.

ಎದುರಿಗೆ ಕೂತಿದ್ದವರು ಝುಲೇಮಾ ಅವಾಲೋಸ್. ಅದೇ ಮನೆಯ ಇನ್ನೊಂದು ಕೋಣೆಯವರು. ಹೆಂಗಸರ ಕೂದಲು ಕತ್ತರಿಸುವುದು, ಬಣ್ಣ ಹಾಕುವುದು ಅವರ ಕಸುಬು. ಒಂಬತ್ತು ವರ್ಷದ ಹಿಂದೆ ಎರಡು ಪೆಟ್ಟಿಗೆ, ಒಂದು ಹೇರ್ ಡ್ರೈಯರ್ ಹಿಡಿದು, ‘ಆರು ತಿಂಗಳಷ್ಟೇ’ ಎಂದು ಹೇಳಿ ಬಂದವರು. ಆರು ತಿಂಗಳು ಕಳೆದದ್ದು ಇಬ್ಬರಿಗೂ ನೆನಪಾಗಲಿಲ್ಲ. ಅಡುಗೆ, ಬಿಲ್ಲು, ಜಗಳ, ಭಾನುವಾರದ ರವಿಯೊಲಿ ಎಲ್ಲವೂ ಅರ್ಧ ಅರ್ಧ ಎಂದಾಯಿತು. ಬೆಳಗಿನ ಮಾಟೆ ಎಲೆಯ ಕಷಾಯ ಒಂದೇ ಸೋರೆ ಬುರುಡೆಯಲ್ಲಿ ಇಬ್ಬರ ನಡುವೆ ಓಡಾಡುತ್ತಿತ್ತು. ಇಷ್ಟಾದರೂ ಎವರಿಸ್ಟೊ ಆಕೆಯ ಕೋಣೆಯ ಬಾಗಿಲನ್ನು ಮೂರು ಸಲ ತಟ್ಟದೆ ಒಂದು ದಿನವೂ ಮಾತಾಡಿಸಿದವರಲ್ಲ; ಆಕೆಯೂ ‘ಡಾನ್’ ಎಂಬ ಮರ್ಯಾದೆಯ ಮಾತು ಸೇರಿಸದೆ ಅವರ ಹೆಸರು ಹಿಡಿದವರಲ್ಲ.

ಆ ಭಾನುವಾರ ಝುಲೇಮಾ ಫೋರ್ಕನ್ನು ತಟ್ಟೆಯ ಮೇಲಿಟ್ಟರು. ಸಾಂತಾ ಫೆಯಲ್ಲಿರುವ ತಂಗಿ ಬ್ಯೂಟಿ ಪಾರ್ಲರ್ ತೆರೆಯುತ್ತಿದ್ದಾಳೆ, ಅಂಗಡಿಯ ಮೇಲೆ ಒಂದು ಕೋಣೆಯೂ ಇದೆ, ಬಾ ಬಾ ಎನ್ನುತ್ತಿದ್ದಾಳೆ, ಒಂದನೇ ತಾರೀಕು ಹೊರಡೋಣ ಅಂತಿದ್ದೇನೆ ಎಂದರು. ಅಷ್ಟು ಹೇಳಿ ಎವರಿಸ್ಟೊರ ಮುಖವನ್ನೇ ನೋಡಿದರು.

ಎವರಿಸ್ಟೊ ಹೋಗಬೇಡಿ ಎನ್ನಬೇಕೆಂದು ಬಾಯಿ ತೆರೆದರು.

“ಇಂಟರ್‌ನೆಟ್ಟು ನಿಮ್ಮ ಹೆಸರಲ್ಲೇ ಇದೆ ಅಲ್ವಾ?” ಎಂದರು.

ಝುಲೇಮಾ ಮತ್ತೆ ಫೋರ್ಕ್ ಎತ್ತಿಕೊಂಡರು. “ಹೌದು ಡಾನ್ ಎವರಿಸ್ಟೊ. ನನ್ನ ಹೆಸರಲ್ಲೇ ಇದೆ.”

ಇದ್ದದ್ದು ನಿಜ. ಒಂಬತ್ತು ವರ್ಷದ ಹಿಂದೆ ಆಕೆ ಇಂಟರ್‌ನೆಟ್ ಹಾಕಿಸೋಣ ಎಂದಾಗ, ಕಣ್ಣಿಗೆ ಕಾಣದ ವಸ್ತುವಿಗೆಲ್ಲ ನನ್ನ ಸಹಿ ಸಿಗುವುದಿಲ್ಲ ಎಂದು ಎವರಿಸ್ಟೊ ಠೇಂಕರಿಸಿದ್ದರು. ಹಾಗಾಗಿ ಖಾತೆ ಝುಲೇಮಾ ಹೆಸರಲ್ಲಿ ಆಯಿತು. ಒಂದೇ ವಾರದಲ್ಲಿ ಎವರಿಸ್ಟೊ ಕಾಣದ ವಸ್ತುವಿನಲ್ಲಿ ಹಳೆಯ ಫುಟ್‌ಬಾಲ್ ಪಂದ್ಯಗಳನ್ನು ನೋಡಲು ಶುರುಮಾಡಿ, ರಾತ್ರಿಯ ಊಟಕ್ಕೆ ಮೂರು ಸಲ ಕರೆಸಿಕೊಳ್ಳುವ ಸ್ಥಿತಿಗೆ ಬಂದರು.

ನಾಳೆ ಇಬ್ಬರೂ ಕಂಪನಿಯ ಆಫೀಸಿಗೆ ಹೋಗಿ ಹೆಸರು ಬದಲಾಯಿಸಿಬಿಡೋಣ, ಅರ್ಧ ಗಂಟೆಯ ಕೆಲಸ ಎಂದರು ಝುಲೇಮಾ. ಎವರಿಸ್ಟೊ ಒಪ್ಪಲಿಲ್ಲ. ಒಟ್ಟಿಗೆ ಆಫೀಸಿಗೆ ಹೋದರೆ ಆಕೆ ಹೋಗುವುದು ಖಾತ್ರಿಯಾದಂತೆ ಎಂಬುದು ಒಳಗಿನ ಸಂಕಟ. ಹೊರಗೆ ಹೇಳಿದ್ದು ಬೇರೆ.

“ಸಿಂಹಾನೇ ವರ್ಗಾಯಿಸಿದೋನು ನಾನು. ಒಂದು ಪೆಟ್ಟಿಗೆಗೋಸ್ಕರ ನಿಮ್ಮನ್ನ ಅಷ್ಟು ದೂರ ಓಡಾಡಿಸ್ಲಾ?”

“ಸಿಂಹ ಸತ್ತೋಯ್ತು ಅಂದಿದ್ರಿ.”

“ಕಾಗದ ಸರಿಯಾಗೇ ಇತ್ತು.”

ಅಂದೇ ಸಂಜೆ ಎವರಿಸ್ಟೊ ತಮ್ಮ ಹಳೆಯ ಪೆನ್ನಿಗೆ ಶಾಯಿ ತುಂಬಿ, ಗಟ್ಟಿ ಕಾಗದದ ಮೇಲೆ ಮೂರು ಪ್ರತಿ ಹಸ್ತಾಂತರ ಪತ್ರ ಬರೆದರು. ಒಂದನೇ ಪಕ್ಷಕಾರರಾದ ಕುಮಾರಿ ಝುಲೇಮಾ ಅವಾಲೋಸ್ ಅವರು ಊಟದ ಕೋಣೆಯ ಕಪಾಟಿನ ಮೇಲೆ ವಿರಾಜಮಾನವಾಗಿರುವ, ನಾಲ್ಕು ಹಸಿರು ದೀಪಗಳುಳ್ಳ, ಅವುಗಳಲ್ಲಿ ಒಂದು ಸದಾ ಮಿಟುಕುವ ಯಂತ್ರವನ್ನೂ, ಅದರ ಮೂಲಕ ಹರಿದುಬರುವ ಸಕಲ ಸಂಪರ್ಕವನ್ನೂ, ಸ್ವಸ್ಥ ಚಿತ್ತದಿಂದ, ಯಾರ ಒತ್ತಾಯವೂ ಇಲ್ಲದೆ, ಎರಡನೇ ಪಕ್ಷಕಾರರಿಗೆ ಬಿಟ್ಟುಕೊಟ್ಟಿರುತ್ತಾರೆ. ಹೀಗೆ ಏಳು ಕಲಮು.

ಝುಲೇಮಾ ಕನ್ನಡಕ ಹಾಕಿಕೊಂಡು ಮೊದಲಿಂದ ಕೊನೆಯವರೆಗೆ ಓದಿದರು. ಹಾಳೆ ತಿರುಗಿಸಿ ಹಿಂದುಗಡೆಯನ್ನೂ ನೋಡಿದರು.

“ಇಷ್ಟೇನಾ? ಇನ್ನೇನೂ ಬರೆಯೋದಿಲ್ವಾ?”

“ಏಳನೇ ಕಲಮಿನಲ್ಲಿ ವೈರು ಸೇರಿಸಿದೀನಿ.”

ಝುಲೇಮಾ ಮೂರಕ್ಕೂ ಸಹಿ ಮಾಡಿದರು. ಒಂದನೇ ತಾರೀಕು ಎರಡು ಪೆಟ್ಟಿಗೆ, ಒಂದು ಹೇರ್ ಡ್ರೈಯರ್ ತೆಗೆದುಕೊಂಡು ಹೊರಟೂ ಹೋದರು. ಎವರಿಸ್ಟೊ ಬಸ್ ನಿಲ್ದಾಣದವರೆಗೆ ಹೋಗಿ, ಸಾಂತಾ ಫೆ ಬಸ್ಸಿನ ಕಿಟಕಿಯ ಕೆಳಗೆ ನಿಂತು, ಪತ್ರದ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ ಎಂದು ಎರಡು ಸಲ ಹೇಳಿ ಬಂದರು.

ಮನೆಗೆ ಬಂದರೆ ಮನೆ ಮನೆಯಂತಿರಲಿಲ್ಲ. ಒಂಬತ್ತು ವರ್ಷ ಯಾವ ಹೇರ್ ಡ್ರೈಯರಿನ ಗದ್ದಲಕ್ಕೆ ಎವರಿಸ್ಟೊ ದಿನವೂ ಸಿಡಿಮಿಡಿಗೊಂಡಿದ್ದರೋ ಅದರ ಸದ್ದಿಲ್ಲದೆ ಬೆಳಗ್ಗೆ ಎದ್ದರೂ ಎದ್ದಂತಾಗುತ್ತಿರಲಿಲ್ಲ. ಕಷಾಯದ ಬುರುಡೆಯನ್ನು ಅಭ್ಯಾಸಬಲದಿಂದ ಎದುರಿನ ಕುರ್ಚಿಗೆ ಚಾಚಿ, ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದು, ತಾವೇ ಕುಡಿಯುತ್ತಿದ್ದರು. ಪೆಟ್ಟಿಗೆಯ ನಾಲ್ಕನೇ ದೀಪ ಮಾತ್ರ ಮಿಟುಕುತ್ತಿತ್ತು. ಅವರಿಗೆ ತುಂಬ ಬೇಸರವಾಗುತ್ತಿತ್ತು, ಆದರೆ ಅದನ್ನು ಯಾರ ಹತ್ತಿರ ಹೇಳಿಕೊಳ್ಳಬೇಕೋ ಆಕೆಯೇ ಹೋಗಿದ್ದರು.

ಕಂಪನಿಯವರು ಹಸ್ತಾಂತರ ಪತ್ರಕ್ಕೆ ಮೂರು ಕಾಸಿನ ಬೆಲೆ ಕೊಡಲಿಲ್ಲ. ಎವರಿಸ್ಟೊ ಫೋನಿನಲ್ಲಿ ಏಳೂ ಕಲಮುಗಳನ್ನು ಓದಿ ಹೇಳಿದರು. ಅತ್ತಲಿನ ಯುವಕ ಕೊನೆಯವರೆಗೆ ಕೇಳಿಸಿಕೊಂಡು, ಇಂಥದ್ದಕ್ಕೆ ನಮ್ಮಲ್ಲಿ ಜಾಗವೇ ಇಲ್ಲ ಸರ್ ಎಂದ. ಖಾತೆದಾರರೇ ಫೋನ್ ಮಾಡಿ ಯಾರ ಹೆಸರಿಗೆ ಎಂದು ಹೇಳಬೇಕು, ಇಲ್ಲವೇ ಇಬ್ಬರೂ ಗುರುತಿನ ಚೀಟಿ ಹಿಡಿದು ಆಫೀಸಿಗೆ ಬರಬೇಕು. ಮೂರನೆಯ ದಾರಿ ಇಲ್ಲ. ಅಷ್ಟರಲ್ಲಿ ಸಾಂತಾ ಫೆಯಿಂದ ಝುಲೇಮಾ ಸಂದೇಶವೂ ಬಂತು. ಅಲ್ಲಿ ಹೊಸ ಲೈನಿಗೆ ಬರೆಸಿದ್ದೇನೆ, ಇಪ್ಪತ್ತನೇ ತಾರೀಕಿನೊಳಗೆ ನಿಮ್ಮ ಹೆಸರಿಗೆ ಆಗದಿದ್ದರೆ ರೊಸಾರಿಯೊದ ಲೈನು ತಾನಾಗಿ ಕಟ್ ಆಗುತ್ತದಂತೆ, ಕೆಲಸ ಆಯಿತೇ ಎಂದು. ‘ಪರಿಶೀಲನೆಯಲ್ಲಿದೆ’ ಎಂದು ಎವರಿಸ್ಟೊ ಉತ್ತರ ಬರೆದರು. ಆಗಲಿಲ್ಲ, ನೀವೇ ಒಂದು ಫೋನ್ ಮಾಡಿ ಎಂದು ಬರೆಯಬಹುದಿತ್ತು. ಸಿಂಹ ವರ್ಗಾಯಿಸಿದವರು ಹಾಗೆ ಬರೆಯುತ್ತಾರೆಯೇ?

ಉಳಿದದ್ದು ಆ ಊರಿನವರೆಲ್ಲ ಮಾಡುವ ಕೆಲಸ. ಅಲ್ಲಿ ಫೋನಿನಲ್ಲಿ ಮಗ ಅಪ್ಪನಾಗುತ್ತಾನೆ, ಸೊಸೆ ಅತ್ತೆಯಾಗುತ್ತಾಳೆ, ಅಜ್ಜಿಯ ಲೈಟ್ ಬಿಲ್ಲಿನ ತಕರಾರಿಗೆ ಮೊಮ್ಮಗನೇ ಅಜ್ಜಿಯಾಗಿ ಕೆಮ್ಮುತ್ತಾನೆ. ಎವರಿಸ್ಟೊ ಇದನ್ನೆಲ್ಲ ಜೀವಮಾನವಿಡೀ ಖಂಡಿಸಿದವರು. ಈಗ ಸ್ನಾನದ ಮನೆಯ ಬಾಗಿಲು ಹಾಕಿಕೊಂಡು, ಕನ್ನಡಿಯ ಎದುರು ನಿಂತು, ಎರಡು ದಿನ ಹೆಣ್ಣು ದನಿ ಅಭ್ಯಾಸ ಮಾಡಿದರು. ಆ ದನಿ ಝುಲೇಮಾದಂತೇನೂ ಇರಲಿಲ್ಲ. ಬಾಗಿಲಿಗೆ ಬಾಲ ಸಿಕ್ಕಿಸಿಕೊಂಡ ಬೆಕ್ಕಿನ ದನಿಗೆ ಹತ್ತಿರವಾಗಿತ್ತು. ಬರೆಯುವುದು ಸುಳ್ಳಾಗಬಾರದೇ ಹೊರತು ಆಡುವುದಕ್ಕೆ ದೋಷವಿಲ್ಲ ಎಂದು ತಮಗೆ ತಾವೇ ತೀರ್ಪು ಕೊಟ್ಟುಕೊಂಡು, ಹದಿನೆಂಟನೇ ತಾರೀಕು ಮಧ್ಯಾಹ್ನ ಫೋನ್ ಹಚ್ಚಿದರು.

ಎತ್ತಿಕೊಂಡವಳು ಬ್ರೆಂಡಾ ಎಂಬ ಹುಡುಗಿ. ಬಹಳ ನಯದ ಮಾತು. ಗುರುತಿನ ಚೀಟಿಯ ಸಂಖ್ಯೆ ಕೇಳಿದಳು. ಎವರಿಸ್ಟೊ ಪತ್ರ ನೋಡದೆಯೇ ಒಪ್ಪಿಸಿದರು.

“ಸರಿ ಮೇಡಂ. ಇನ್ನು ನೀವೇ ಇಟ್ಟಿರೋ ಗುಪ್ತ ಪ್ರಶ್ನೆ. ನಿಮ್ಮ ಯಜಮಾನರ ಹೆಸರು?”

ಮದುವೆಯೇ ಆಗದ ಹೆಂಗಸಿಗೆ ಎಂಥ ಯಜಮಾನ ಎಂದು ಎವರಿಸ್ಟೊ ತಬ್ಬಿಬ್ಬಾದರು. ಅತ್ತ ಬ್ರೆಂಡಾ ದನಿ ಇನ್ನಷ್ಟು ಮೆತ್ತಗಾಯಿತು. ಕಷ್ಟದ ಪ್ರಶ್ನೆ ಅಂತ ಗೊತ್ತು ಮೇಡಂ, ತೀರಿಕೊಂಡವರ ಹೆಸರು ಬಾಯಿಗೆ ಬರೋದಿಲ್ಲ, ನಿಧಾನವಾಗಿ ಹೇಳಿ, ‘ಎ’ ಇಂದ ಶುರುವಾಗುತ್ತೆ ಎಂದಳು.

ಎವರಿಸ್ಟೊ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡರು.

“ಎವರಿಸ್ಟೊ,” ಎಂದರು ಬೆಕ್ಕಿನ ದನಿಯಲ್ಲಿ. “ಎವರಿಸ್ಟೊ ಪಿಕ್ಕಾರ್ದಿ.”

“ದೇವರು ಅವರಿಗೆ ಶಾಂತಿ ಕೊಡಲಿ,” ಎಂದಳು ಬ್ರೆಂಡಾ, ಮತ್ತು ಖಾತೆ ತೆರೆದಳು.

ಆಗ ಒಂಬತ್ತು ವರ್ಷದ ಇತಿಹಾಸ ಒಂದೊಂದಾಗಿ ಹೊರಬಿತ್ತು. ಆ ಕಂಪನಿಯಲ್ಲಿ ರಿಯಾಯಿತಿ ಎನ್ನುವುದು ಆರು ತಿಂಗಳಿಗೊಮ್ಮೆ ಮುಗಿಯುತ್ತದೆ. ಮುಗಿದಾಗ ಫೋನ್ ಮಾಡಿ, ಲೈನು ತೆಗೆಸುತ್ತೇನೆ ಎಂದು ಹೆದರಿಸಿ, ಒಂದು ಕಷ್ಟ ಹೇಳಿಕೊಂಡರೆ ಮತ್ತೆ ಸಿಗುತ್ತದೆ. ಊರಿಗೆ ಊರೇ ಹೀಗೆ ಮಾಡುತ್ತದೆ. ಝುಲೇಮಾ ಎಲ್ಲ ಕಷ್ಟಗಳನ್ನೂ ಎವರಿಸ್ಟೊರ ತಲೆಗೆ ಕಟ್ಟಿದ್ದರು. ಮೊದಲು ಅವರ ಕೆಲಸ ಹೋಯಿತು. ಆಮೇಲೆ ಹರ್ನಿಯಾ. ಆಮೇಲೆ ಒಂದು ಕಾಲು ಸ್ವಾಧೀನ ತಪ್ಪಿತು. ಮುಂದಿನ ಸಲ ಇನ್ನೊಂದು. ಎರಡು ವರ್ಷದ ಹಿಂದೆ ಮಾರ್ಚಿನಲ್ಲಿ, ಇನ್ನು ಹೋಗಲು ಯಾವ ಅಂಗವೂ ಉಳಿಯದೆ, ಅವರೇ ಹೋಗಿದ್ದರು.

ಎವರಿಸ್ಟೊಗೆ ಎಲ್ಲ ನೆನಪಾಯಿತು. ಝುಲೇಮಾ ಅಡುಗೆಮನೆಯಲ್ಲಿ ಫೋನ್ ಹಿಡಿದು ಅಳುತ್ತಿದ್ದಾಗಲೆಲ್ಲ, ಹೆಂಗಸರ ಖಾಸಗಿ ವಿಷಯ ಎಂದು ತಾವು ಸಭ್ಯವಾಗಿ ಬಾಗಿಲು ಮುಚ್ಚಿ ಬರುತ್ತಿದ್ದದ್ದು. ಮರುತಿಂಗಳು ಬಿಲ್ಲು ಇಳಿದಿರುತ್ತಿದ್ದದ್ದು. ತಪ್ಪದೆ ಗಡುವಿನೊಳಗೆ ಕಟ್ಟುವವರನ್ನು ಕಂಪನಿ ಹೇಗೆ ಗೌರವಿಸುತ್ತದೆ ನೋಡಿ ಎಂದು ಮೂಲೆಯ ಕಾಫಿ ಅಂಗಡಿಯಲ್ಲಿ ತಾವು ನಾಲ್ಕು ಜನಕ್ಕೆ ಭಾಷಣ ಮಾಡಿದ್ದು.

ಸಿಟ್ಟು ನೆತ್ತಿಗೇರಿತು. ಆದರೆ ಸತ್ತ ಮನುಷ್ಯನಿಗೂ ಕುತೂಹಲ ಇರುತ್ತದೆ. “ಹೇಗೆ ಹೋದ್ರು ಅಂತ ಬರೆಸಿದೀನಮ್ಮಾ?” ಎಂದು ಕೇಳಿದರು.

“ಬೋಗಾ ಮೀನಿನ ಮುಳ್ಳು ಗಂಟಲಿಗೆ ಸಿಕ್ಕಿ ಅಂತಿದೆ ಮೇಡಂ.”

ಪರಾನಾ ನದಿಯ ಬೋಗಾ ಮೀನಿಗೆ ಮೈತುಂಬ ಮುಳ್ಳು. ಅದನ್ನು ಐದು ನಿಮಿಷದಲ್ಲಿ ತಿಂದು ಮುಗಿಸಿ, ಮೀಸೆ ಒರೆಸಿಕೊಂಡು, ತಿನ್ನಲು ಬರಬೇಕು ಎನ್ನುವುದು ಎವರಿಸ್ಟೊರ ಎರಡನೇ ಹೆಮ್ಮೆ. ಅವಮಾನ ಅಲ್ಲಿಗೇ ತಟ್ಟಿತು. ಇನ್ನೇನೇನು ಬರೆಸಿದ್ದೇನೆ ಎಲ್ಲ ಓದು ಎಂದರು.

ಬ್ರೆಂಡಾ ಓದಿದಳು. “ಗ್ರಾಹಕರು ಅಳುತ್ತಿದ್ದಾರೆ. ಯಜಮಾನರು ಒಳ್ಳೆಯವರು, ಶಿಸ್ತಿನವರು ಎನ್ನುತ್ತಾರೆ. ಹೇಳಬೇಕಾದ್ದೊಂದನ್ನು ಬಿಟ್ಟು ಬೇರೆಲ್ಲ ಹೇಳುತ್ತಿದ್ದರಂತೆ. ಒಂಬತ್ತು ವರ್ಷ ಕಾದೆ, ಇನ್ನು ಸಾಕಾಯಿತು ಎನ್ನುತ್ತಾರೆ.” ಆಮೇಲೆ, “ಈ ಕೊನೇದು ಸತ್ತಾಗಿನ ಟಿಪ್ಪಣಿ ಅಲ್ಲ ಮೇಡಂ, ಈ ತಿಂಗಳದ್ದೇ. ಸಾಂತಾ ಫೆ ಲೈನಿಗೆ ಬರೆಸಿದಾಗ ಹೇಳಿದ್ರಲ್ಲಾ,” ಎಂದಳು.

ಎವರಿಸ್ಟೊರ ಗಂಟಲಿಗೆ ಬೋಗಾ ಮುಳ್ಳು ಈಗ ನಿಜಕ್ಕೂ ಸಿಕ್ಕಿಕೊಂಡಿತ್ತು. ಬಾಯಿ ತೆರೆದರೆ ಬೆಕ್ಕಿನ ದನಿ ಹೋಗಿ ಗುಮಾಸ್ತರ ದನಿ ಬಂತು. ನೆಗಡಿನಾ ಮೇಡಂ ಎಂದು ಬ್ರೆಂಡಾ ಕೇಳಿದಳು. ಅತ್ತೂ ಅತ್ತೂ ಹೀಗಾಗಿದೆ ಎಂದರು. ಅದು ಅಷ್ಟೊತ್ತಿಗೆ ನಿಜವೇ ಆಗಿತ್ತು.

“ಅವರು ಹೇಳ್ಬೇಕಿತ್ತಮ್ಮ,” ಎಂದರು. “ಹೋಗ್ಬೇಡಿ ಅಂತ ಒಂದು ಮಾತು. ಬಾಯಿ ತೆಗೆದ್ರು, ಇಂಟರ್‌ನೆಟ್ ಯಾರ ಹೆಸರಲ್ಲಿದೆ ಅಂತ ಕೇಳಿದ್ರು. ಕತ್ತೆ. ಶುದ್ಧ ಕತ್ತೆ. ಈಗ ಈ ಮನೇಲಿ ಆ ಡ್ರೈಯರ್ ಸದ್ದಿಲ್ದೆ ನಿದ್ದೆಯಿಂದ ಏಳೋಕೂ ಆಗ್ತಿಲ್ಲ. ಬರಕೊಳ್ಳಮ್ಮ, ಎಲ್ಲ ಬರಕೊ.”

ಬ್ರೆಂಡಾ ಎಲ್ಲ ಬರೆದುಕೊಂಡಳು. ಆಮೇಲೆ ಮೂಗು ಒರೆಸಿಕೊಂಡು, ಖಾತೆಯನ್ನು ಯಾರ ಹೆಸರಿಗೆ ಮಾಡಬೇಕು ಎಂದು ಕೇಳಿದಳು.

“ಎವರಿಸ್ಟೊ ಪಿಕ್ಕಾರ್ದಿ ಹೆಸರಿಗೆ.”

ಅತ್ತ ಕಡೆ ಬ್ರೆಂಡಾ ಮಗುವಿಗೆ ಹೇಳುವಂತೆ ಹೇಳಿದಳು. ನಮ್ಮಜ್ಜಿಯೂ ಅಜ್ಜ ಹೋದ ಮೇಲೆ ಮೂರು ವರ್ಷ ಅವರ ತಟ್ಟೆ ಇಡುತ್ತಿದ್ದರು, ನೀವೇನೂ ಗಾಬರಿಯಾಗಬೇಡಿ. ತೀರಿಕೊಂಡವರ ಹೆಸರಿಗೆ ಖಾತೆ ಆಗುವುದಿಲ್ಲ. ಇಂಥ ಮನಃಸ್ಥಿತಿಯಲ್ಲಿ ಊರು ಬಿಡುವುದೂ ಒಳ್ಳೆಯದಲ್ಲ. ಸಾಂತಾ ಫೆ ಲೈನು ರದ್ದು ಮಾಡಿದ್ದೇನೆ, ರೊಸಾರಿಯೊದ್ದು ನಿಮ್ಮ ಹೆಸರಲ್ಲೇ ಇರಲಿ. ಎವರಿಸ್ಟೊ ಬೇಡ ಬೇಡ ಎನ್ನುವಷ್ಟರಲ್ಲಿ ಸೇವೆ ಹೇಗಿತ್ತು, ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರಿ ಎಂದು ಯಂತ್ರ ಕೇಳತೊಡಗಿತ್ತು.

ಎರಡು ದಿನ ಬಿಟ್ಟು ಫೋನ್ ಬಂತು. ಎವರಿಸ್ಟೊ ಎತ್ತಿ ಹಲೋ ಎಂದರು.

“ಸತ್ತೋರು ಹೀಗೆ ಫೋನ್ ಎತ್ತಬಾರ್ದು ಡಾನ್ ಎವರಿಸ್ಟೊ,” ಎಂದರು ಝುಲೇಮಾ.

ಲೈನು ಹಾಕುವವನಿಗಾಗಿ ದಿನವಿಡೀ ಕಾದು, ಬಾರದಿದ್ದಾಗ ಕಂಪನಿಗೆ ಫೋನ್ ಮಾಡಿದರಂತೆ. ನೀವೇ ಮೊನ್ನೆ ಅತ್ತು ರದ್ದು ಮಾಡಿಸಿದಿರಲ್ಲ ಎಂದು ಬ್ರೆಂಡಾ ಟಿಪ್ಪಣಿಯನ್ನು ಅಕ್ಷರ ಬಿಡದೆ ಓದಿ ಹೇಳಿದಳಂತೆ. ಎವರಿಸ್ಟೊಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಕತ್ತೆ ಅನ್ನೋದನ್ನೂ ಓದಿದಳಾ ಎಂದು ಕೇಳಿದರು. ಎರಡು ಸಲ ಓದಿಸಿದೆ ಎಂದರು ಝುಲೇಮಾ. ಗುರುವಾರ ಬರುತ್ತೇನೆ, ಇಬ್ಬರೂ ಆಫೀಸಿಗೆ ಹೋಗೋಣ, ಅಲ್ಲಿಯವರೆಗೆ ಯಾರ ದನಿಯಲ್ಲೂ ಯಾರಿಗೂ ಫೋನ್ ಮಾಡಬೇಡಿ ಎಂದು ಹೇಳಿ ಇಟ್ಟರು.

ಗುರುವಾರ ಎವರಿಸ್ಟೊ ಶರ್ಟಿಗೆ ಇಸ್ತ್ರಿ ಹಾಕಿಕೊಂಡು, ಗುರುತಿನ ಚೀಟಿ ಹಿಡಿದು, ಎಲ್ಲ ಸತ್ಯವನ್ನೂ ಹೇಳಿಬಿಡುವ ನಿರ್ಧಾರ ಮಾಡಿ ಹೋದರು. ಕೌಂಟರಿನ ಯುವತಿ ಚೀಟಿಯನ್ನೂ ಪರದೆಯನ್ನೂ ಮತ್ತೆ ಮತ್ತೆ ನೋಡಿದಳು.

“ಈ ಹೆಸರಿನವರು ತೀರಿಕೊಂಡಿದ್ದಾರೆ ಅಂತಿದೆಯಲ್ಲ.”

ಎವರಿಸ್ಟೊ ಗಂಟಲು ಸರಿಮಾಡಿಕೊಂಡರು. ಝುಲೇಮಾ ಅವರ ಪಾದದ ಮೇಲೆ ತಮ್ಮ ಹಿಮ್ಮಡಿ ಊರಿದರು.

“ಇವರು ಎರಡನೆಯವರು.”

“ಹೆಸರೂ ಅದೇನಾ?”

“ಈ ವಯಸ್ಸಲ್ಲಿ ಹೊಸ ಹೆಸರು ಎಲ್ಲಿ ನೆನಪಿಟ್ಕೊಳ್ಲಿ ಹೇಳಮ್ಮ.”

ಹಿಂದೆ ಜನರ ಸಾಲು ಬಾಗಿಲವರೆಗೆ ಇತ್ತು. ಯುವತಿ ನಿಟ್ಟುಸಿರು ಬಿಟ್ಟು ಟೈಪ್ ಮಾಡಿದಳು. ಗಂಡನೇ ಆದರೆ ವರ್ಗಾವಣೆಯ ಅಗತ್ಯವೇ ಇಲ್ಲ, ಖಾತೆ ಮೇಡಂ ಹೆಸರಲ್ಲೇ ಇರುತ್ತದೆ, ಇವರನ್ನು ‘ಹೆಚ್ಚುವರಿ’ ಎಂದು ಸೇರಿಸುತ್ತೇನೆ ಎಂದಳು. ಲೈನು ಎಲ್ಲಿರಬೇಕು, ಇಲ್ಲೋ, ಸಾಂತಾ ಫೆಯಲ್ಲೋ ಎಂದು ಕೇಳಿದಳು.

“ಅವರನ್ನೇ ಕೇಳು. ಏನೋ ಹೇಳೋದಿದೆಯಂತೆ,” ಎಂದು ಝುಲೇಮಾ ತಿರುಗಿ ನಿಂತರು. ಆ ಭಾನುವಾರ ರವಿಯೊಲಿ ತಟ್ಟೆಯ ಮುಂದೆ ಕೂತು ನೋಡಿದ ಹಾಗೆಯೇ ನೋಡಿದರು.

ಬಚ್ಚಿಟ್ಟುಕೊಳ್ಳಲು ಈಗ ಬೆಕ್ಕಿನ ದನಿ ಇರಲಿಲ್ಲ, ಏಳು ಕಲಮೂ ಇರಲಿಲ್ಲ. ಸಾಲಿನಲ್ಲಿದ್ದವರೆಲ್ಲ ಕಿವಿಯಾಗಿದ್ದರು. ಎವರಿಸ್ಟೊ ಕೌಂಟರಿನ ಅಂಚು ಹಿಡಿದುಕೊಂಡರು.

“ಹೋಗ್ಬೇಡಿ,” ಎಂದರು.

“ಸರ್, ನನಗೆ ವಿಳಾಸ ಬೇಕು,” ಎಂದಳು ಯುವತಿ.

ವಿಳಾಸವನ್ನು ಝುಲೇಮಾ ಹೇಳಿದರು. ಒಂಬತ್ತು ವರ್ಷದಿಂದ ಇದ್ದ ಅದೇ ವಿಳಾಸ. ಹೇಳುವಾಗ ಅವರ ದನಿಯೂ ಸ್ವಲ್ಪ ಕೆಟ್ಟಿತ್ತು. ಆಮೇಲೆ ಒಂದು ಹಾಳೆ ಬಂತು. ‘ಖಾತೆದಾರರೊಂದಿಗೆ ಸಂಬಂಧ: ಪತಿ’ ಎಂಬುದರ ಕೆಳಗೆ ಸಹಿ ಹಾಕಬೇಕಿತ್ತು. ಎವರಿಸ್ಟೊ ಆ ಸಾಲನ್ನು ಎರಡು ಸಲ ಓದಿದರು. ನನ್ನ ಲೇಖನಿಯಿಂದ ಇಳಿಯೋದು ಇದೇ ಮೊದಲ ಸುಳ್ಳು ಎಂದು ಪಿಸುಗುಟ್ಟಿದರು.

“ಸುಳ್ಳು ಅನ್ಸಿದ್ರೆ ಆಮೇಲೆ ನಿಜ ಮಾಡ್ಕೊಂಡ್ರಾಯ್ತು. ಹಾಕಿ,” ಎಂದರು ಝುಲೇಮಾ. ಎವರಿಸ್ಟೊ ಸಹಿ ಹಾಕಿದರು.

ಖಾತೆದಾರರಾಗಲು ಹೋದವರು ಹೆಚ್ಚುವರಿಯಾಗಿ ಮನೆಗೆ ಬಂದರು. ದಾರಿಯಲ್ಲಿ ಝುಲೇಮಾ ಲೆಕ್ಕ ಹೇಳಿದರು: ಮರುಮದುವೆಯಾದ್ದರಿಂದ ವಿಧವೆಯ ರಿಯಾಯಿತಿ ಹೋಯಿತು, ಹೊಸ ದಂಪತಿಗಳ ರಿಯಾಯಿತಿ ಸಿಕ್ಕಿತು, ಅದು ಮಾರ್ಚ್‌ವರೆಗೆ. ನದಿ ದಂಡೆಯ ಮೀನಿನವನ ಹತ್ತಿರ ನಿಂತು ಒಂದು ದಪ್ಪ ಬೋಗಾ ಕೊಂಡರು. ಮಧ್ಯಾಹ್ನ ಅದು ಹುರಿದು ಮೇಜಿಗೆ ಬಂತು. ಕಪಾಟಿನ ಮೇಲೆ ನಾಲ್ಕನೇ ದೀಪ ಮಿಟುಕುತ್ತಿತ್ತು, ಒಳಗಿನ ಕೋಣೆಯಲ್ಲಿ ಹೇರ್ ಡ್ರೈಯರ್ ತನ್ನ ಜಾಗಕ್ಕೆ ಬಂದಿತ್ತು. ಎವರಿಸ್ಟೊಗೆ ಬಹಳ ದಿನದ ಮೇಲೆ ಹಸಿವಾಗಿತ್ತು.

“ಮಾರ್ಚ್ ಆದ್ಮೇಲೆ ರಿಯಾಯಿತಿಗೆ ಏನ್ ಮಾಡೋದು?” ಎಂದು ಕೇಳಿದರು.

ಝುಲೇಮಾ ಮೀನಿನ ನಡುವಿನ ತುಂಡನ್ನು ಆರಿಸಿ ಅವರ ತಟ್ಟೆಗೆ ಹಾಕಿದರು. “ಮಾರ್ಚ್ ಬರ್ಲಿ, ನೋಡೋಣ. ನೀವು ತಿನ್ನಿ.”

ಎವರಿಸ್ಟೊ ಕನ್ನಡಕ ಹಾಕಿಕೊಂಡರು. ಒಂದೊಂದೇ ಮುಳ್ಳನ್ನು ಆರಿಸಿ, ಬೆಳಕಿಗೆ ಹಿಡಿದು ನೋಡಿ, ತಟ್ಟೆಯ ಅಂಚಿನಲ್ಲಿ ಸಾಲಾಗಿ ಇಡುತ್ತಾ ಬಂದರು. ಆ ಬೋಗಾ ತಿಂದು ಮುಗಿಸಲು ಅವರಿಗೆ ಅವತ್ತು ಒಂದೂವರೆ ಗಂಟೆ ಹಿಡಿಯಿತು.